ಖಜಾನೆಗೆ ಎರಡನೇ ಸಹಿ

ಪಶ್ಚಿಮ ಆಫ್ರಿಕದ ಲೈಬೀರಿಯದ ಅಂತರ್ಯುದ್ಧಕ್ಕೂ ಮುಂಚೆ ಒಂದು ಹಣ ನುಂಗಿದ ಕೇಸಿತ್ತು. 1980ರ ದಶಕದ ಆರಂಭದಲ್ಲಿ ಚಾರ್ಲ್ಸ್ ಟೇಲರ್ ಎಂಬಾತ ಆ ದೇಶದ ಸರ್ಕಾರಿ ಖರೀದಿ ಇಲಾಖೆಯ ಮುಖ್ಯಸ್ಥನಾಗಿದ್ದ. ಸರ್ಕಾರ ಏನು ಕೊಂಡರೂ ಅವನ ಕೈ ದಾಟಿಯೇ ಹೋಗಬೇಕು. 9 ಲಕ್ಷ ಡಾಲರ್‌ಗೂ ಹೆಚ್ಚು ಹಣ ಹೊಡೆದ ಆರೋಪ ಬಂದಾಗ ಅಮೆರಿಕಕ್ಕೆ ಓಡಿದ. 1984ರಲ್ಲಿ ಮೆಸಾಚುಸೆಟ್ಸ್‌ನಲ್ಲಿ ಸಿಕ್ಕಿಬಿದ್ದ. ಮರುವರ್ಷ ಅಲ್ಲಿನ ಜೈಲಿನಿಂದಲೂ ತಪ್ಪಿಸಿಕೊಂಡ. 1989ರ ಕ್ರಿಸ್‌ಮಸ್‌ನ ಹಿಂದಿನ ದಿನ ಅವನ ಪಡೆ ಐವರಿ ಕೋಸ್ಟ್‌ನ ಗಡಿ ದಾಟಿ ಲೈಬೀರಿಯದೊಳಗೆ ನುಗ್ಗಿತು. ನಡುವೆ ಒಂದೆರಡು ವರ್ಷದ ಬಿಡುವು ಸಿಕ್ಕಿದ್ದು ಬಿಟ್ಟರೆ 2003ರವರೆಗೂ ಆ ದೇಶ ಉರಿಯಿತು. ಸತ್ತವರು ಸುಮಾರು 2.5 ಲಕ್ಷ ಎಂಬುದು ಎಲ್ಲರೂ ಬಳಸುವ ಅಂದಾಜು. ಜನಸಂಖ್ಯೆಯೇ 30 ಲಕ್ಷದ ಆಸುಪಾಸು ಇದ್ದ ದೇಶವದು.

ವಿಸ್ತೀರ್ಣದಲ್ಲಿ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. ಕಬ್ಬಿಣದ ಅದಿರು, ರಬ್ಬರ್, ದಟ್ಟ ಮಳೆಕಾಡು, ಒಂದಿಷ್ಟು ವಜ್ರ ಎಲ್ಲ ಇದೆ. ಅಮೆರಿಕದಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು 1822ರಿಂದ ಹಡಗಿನಲ್ಲಿ ತಂದು ಇಳಿಸಿ ಕಟ್ಟಿದ ವಸಾಹತು 1847ರಲ್ಲಿ ಗಣರಾಜ್ಯವಾಯಿತು. ಹಾಗೆ ಬಂದವರ ಸಂತತಿ ದೇಶದಲ್ಲಿ ಬೆರಳೆಣಿಕೆಯ ಶೇಕಡಾವಾರು. ಆದರೂ ಆಳಿದ್ದು ಅವರೇ, ಅದೂ ಒಂದು ಶತಮಾನ ಪೂರ್ತಿ ಒಂದೇ ಪಕ್ಷದ ಹೆಸರಿನಲ್ಲಿ. 1980ರ ಏಪ್ರಿಲ್‌ನಲ್ಲಿ ಸ್ಯಾಮ್ಯುಯೆಲ್ ಡೋ ಎಂಬ ಸೈನಿಕ, ಅಧ್ಯಕ್ಷ ಟೋಲ್ಬರ್ಟ್ ಅವರನ್ನು ಕೊಂದು ಗದ್ದುಗೆ ಏರಿದ. ಹತ್ತು ದಿನದ ನಂತರ ಹಳೆ ಸರ್ಕಾರದ 13 ಮಂದಿಯನ್ನು ಸಮುದ್ರ ತೀರದಲ್ಲಿ ಕಂಬಕ್ಕೆ ಕಟ್ಟಿ ಗುಂಡಿಟ್ಟರು. ಅವರ ಮೇಲೆ ಹೊರಿಸಿದ್ದ ಆರೋಪಗಳಲ್ಲಿ ಭ್ರಷ್ಟಾಚಾರವೂ ಒಂದು. ಡೋ ಕಳ್ಳರನ್ನು ಹಿಡಿಯಲು ಬಂದೆ ಎಂದ. ಡೋನ ಕಳ್ಳತನಕ್ಕೆ ಕೊನೆ ಹಾಡಲು ಬಂದೆ ಎಂದ ಟೇಲರ್. 1997ರಲ್ಲಿ ಟೇಲರ್ ಚುನಾವಣೆಗೆ ನಿಂತಾಗ ನಾಲ್ಕರಲ್ಲಿ ಮೂರು ಮತ ಅವನಿಗೇ ಬಿದ್ದವು. ಪ್ರೀತಿಯಿಂದ ಬಿದ್ದ ಮತಗಳಲ್ಲ. ಇವನು ಸೋತರೆ ಮತ್ತೆ ಬಂದೂಕು ಹಿಡಿಯುತ್ತಾನೆ ಎಂದು ಜನ ಹೆದರಿದ್ದರು. ಗೆದ್ದ ಮೇಲೂ ಯುದ್ಧ ಬಂದೇ ಬಂತು.

ನಮ್ಮ ಕಡೆಯ ಜನಕ್ಕೆ ಲೈಬೀರಿಯದ ಹೆಸರು ಕಿವಿಗೆ ಬಿದ್ದಿದ್ದರೆ ಹಡಗುಗಳ ಮೂಲಕ. 2025ರ ಮೇ ತಿಂಗಳಲ್ಲಿ ಕೊಚ್ಚಿಯಾಚೆ ಕಂಟೇನರ್ ಸಮೇತ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿಗೆ ಲೈಬೀರಿಯದ ಧ್ವಜವಿತ್ತು. ಜಗತ್ತಿನ ಸಾವಿರಾರು ಹಡಗುಗಳ ಹಿಂಬದಿಯಲ್ಲಿ ತವರು ಬಂದರಿನ ಹೆಸರು ಮನ್ರೋವಿಯ ಎಂದು ಬರೆದಿರುತ್ತದೆ. ಹಾಗಿದ್ದೂ ಅವುಗಳಲ್ಲಿ ಹೆಚ್ಚಿನವು ರಾಜಧಾನಿ ಮನ್ರೋವಿಯದ ನೀರು ಕಂಡಿರುವುದಿಲ್ಲ. ನೋಂದಣಿ ಕಚೇರಿ ಇರುವುದು ಅಮೆರಿಕದ ವರ್ಜೀನಿಯದಲ್ಲಿ, ಶುಲ್ಕ ಬರುವುದು ಡಾಲರ್‌ನಲ್ಲಿ. ಟೇಲರ್ ಕಾಲದಲ್ಲಿ ಸರ್ಕಾರದ ವರಮಾನದ ದೊಡ್ಡ ಪಾಲು ಇದೇ ಆಗಿತ್ತು. ನಿಷೇಧವಿದ್ದರೂ ಶಸ್ತ್ರಾಸ್ತ್ರ ಸಾಗಿಸಿದವರಿಗೆ ಈ ಹಣದಿಂದಲೇ ನೇರ ಪಾವತಿ ಆಗಿದ್ದನ್ನು ವಿಶ್ವಸಂಸ್ಥೆಯ ತಜ್ಞರ ತಂಡ 2001ರಲ್ಲಿ ಬಯಲಿಗೆಳೆಯಿತು. ಕಾಡಿನ ಮರವೂ ಅದೇ ದಾರಿ ಹಿಡಿಯಿತು, ವಜ್ರವೂ ಅದೇ ದಾರಿ. ಲೈಬೀರಿಯದಲ್ಲಿ ಲೂಟಿ ಬೇರೆ, ಕೊಲೆ ಬೇರೆ ಎಂದು ಎರಡು ಖಾತೆ ಇಡಲು ಬರುವುದೇ ಇಲ್ಲ.

ಶಾಂತಿಗೆ ಕೊಟ್ಟ ಬೆಲೆ

2003ರ ಮಧ್ಯಭಾಗದಲ್ಲಿ ಘಾನಾ ದೇಶದ ಅಕ್ರಾದಲ್ಲಿ ಸಂಧಾನ ನಡೆಯುತ್ತಿತ್ತು. ಹೋಟೆಲ್ ಕೋಣೆಗಳಲ್ಲಿ ತಂಗಿದ್ದ ಬಣಗಳ ನಾಯಕರು ವಾರಗಟ್ಟಲೆ ಚೌಕಾಸಿ ಮಾಡುತ್ತಲೇ ಇದ್ದರು. ಅತ್ತ ಮನ್ರೋವಿಯದ ಮೇಲೆ ಶೆಲ್‌ಗಳು ಬೀಳುತ್ತಿದ್ದವು. ಆ ಮಾತುಕತೆಗೆ ಕೊನೆಗೂ ಚುರುಕು ಮುಟ್ಟಿಸಿದ್ದು ಲೇಮಾ ಬೋವಿ ಮುಂದಾಳತ್ವದ ಹೆಂಗಸರು. ಮನ್ರೋವಿಯದ ಮೀನು ಮಾರುಕಟ್ಟೆ ಬಳಿ ಬಿಳಿ ಬಟ್ಟೆ ಉಟ್ಟು ತಿಂಗಳುಗಟ್ಟಲೆ ಧರಣಿ ಕೂತಿದ್ದ ಗುಂಪಿನವರು ಅಕ್ರಾಕ್ಕೂ ಹೋಗಿ, ಸಭಾಂಗಣದ ಬಾಗಿಲಿಗೆ ಅಡ್ಡ ಕೂತು, ಒಪ್ಪಂದ ಆಗುವವರೆಗೆ ಒಬ್ಬರನ್ನೂ ಹೊರಗೆ ಬಿಡುವುದಿಲ್ಲ ಎಂದರು. ಆಗಸ್ಟ್ 11ರಂದು ಟೇಲರ್ ಕೆಳಗಿಳಿದು ನೈಜೀರಿಯಕ್ಕೆ ಹೋದ. ಒಂದು ವಾರದಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು.

ಈ ಹೆಂಗಸರ ಕತೆಯನ್ನು ಜಗತ್ತು ಬಹಳ ಮೆಚ್ಚಿಕೊಂಡಿತು, ಮೆಚ್ಚಬೇಕಾದ್ದೇ. ಒಪ್ಪಂದದ ಒಳಗೆ ಏನಿತ್ತು ಎಂದು ನೋಡಿದವರು ಕಡಿಮೆ. ಅದರಲ್ಲಿ ಇದ್ದದ್ದು ಒಂದು ಪಾಲುಪಟ್ಟಿ. ಇಂತಿಂಥ ಸಚಿವಾಲಯ ಟೇಲರ್ ಕಡೆಯವರಿಗೆ, ಇಂತಿಂಥವು ಎರಡು ಬಂಡುಕೋರ ಬಣಗಳಿಗೆ. ಸರ್ಕಾರಿ ನಿಗಮಗಳನ್ನೂ ಹೆಸರು ಹಿಡಿದು ಹಂಚಿದ್ದರು. ಬಂದೂಕು ಇಳಿಸುವವನ ಕೈಗೆ ಬೀಗದ ಕೈ ಕೊಡುವ ವ್ಯವಹಾರ ಅದು. ಅದನ್ನು ತಪ್ಪು ಎಂದು ಸುಲಭವಾಗಿ ಹೇಳಿಬಿಡಲು ನನಗೆ ಆಗುವುದಿಲ್ಲ. ಶೆಲ್ ಬೀಳುತ್ತಿರುವ ಊರಿನಲ್ಲಿ ಕೂತವರನ್ನು ಕೇಳಿದರೆ, ಬಂದರನ್ನು ಬೇಕಾದರೆ ಬರೆದುಕೊಡಿ, ಇದು ನಿಂತರೆ ಸಾಕು ಎನ್ನುತ್ತಿದ್ದರು. ಆದರೆ ಯುದ್ಧ ಮುಗಿದ ದೇಶಗಳ ಭ್ರಷ್ಟಾಚಾರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ಪಾಲುಪಟ್ಟಿಯಲ್ಲೇ ಇದೆ. ಯುದ್ಧ ನಿಲ್ಲಿಸಿದ ಕಾಗದವೇ ಖಜಾನೆಯ ಮೇಲೆ ಹಕ್ಕು ಬರೆದುಕೊಟ್ಟಿರುತ್ತದೆ. ಆಮೇಲೆ ಬರುವ ಸರ್ಕಾರ ಆ ಬೀಗದ ಕೈಯನ್ನು ವಾಪಸು ಕಿತ್ತುಕೊಳ್ಳಬೇಕು. ಕಿತ್ತುಕೊಳ್ಳುವಾಗ ಅವರು ಮತ್ತೆ ಬಂದೂಕಿನತ್ತ ಕೈ ಚಾಚದಂತೆಯೂ ನೋಡಿಕೊಳ್ಳಬೇಕು.

ಜೂಡ್ ಬ್ರಯಂಟ್ ಎಂಬ ಉದ್ಯಮಿಯ ನೇತೃತ್ವದ ಮಧ್ಯಂತರ ಸರ್ಕಾರ ಎರಡು ವರ್ಷ ಚಿಲ್ಲರೆ ನಡೆಯಿತು. ಹಂಚಿಕೊಂಡವರು ತಿಂದರು. ಯುರೋಪಿಯನ್ ಒಕ್ಕೂಟ ನಡೆಸಿದ ಲೆಕ್ಕ ತಪಾಸಣೆ, ನೆರೆ ರಾಷ್ಟ್ರಗಳ ಒಕ್ಕೂಟದ ತನಿಖೆ, ಎರಡರಲ್ಲೂ ಬಂದದ್ದು ಒಂದೇ ವಾಸನೆ. ನೆರವಿನ ಹಣ ಕೊಡುತ್ತಿದ್ದ ದೇಶಗಳ ಸಹನೆ ಕೆಟ್ಟಿತು. 2005ರ ಸೆಪ್ಟೆಂಬರ್‌ನಲ್ಲಿ, ಬ್ರಯಂಟ್ ಅರೆಮನಸ್ಸಿನಿಂದಲೇ, ಒಂದು ಕರಾರಿಗೆ ಒಪ್ಪಿದರು. ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿ ಅದನ್ನು ಜೆಮ್ಯಾಪ್ ಎಂದು ಕರೆಯುತ್ತಾರೆ.

ಬಂದರಿನ ಚೆಕ್ಕು

ಜೆಮ್ಯಾಪ್‌ನ ತಿರುಳು ಇಷ್ಟೇ: ಹಣ ಎಲ್ಲಿ ಹುಟ್ಟುತ್ತದೋ ಅಲ್ಲಿ ಒಬ್ಬ ಹೊರಗಿನವನನ್ನು ಕೂರಿಸು, ಅವನ ಸಹಿ ಇಲ್ಲದೆ ಚೆಕ್ಕು ನಡೆಯದಂತೆ ಮಾಡು. ಕೇಂದ್ರ ಬ್ಯಾಂಕು, ಹಣಕಾಸು ಸಚಿವಾಲಯ, ಮನ್ರೋವಿಯದ ಫ್ರೀಪೋರ್ಟ್ ಬಂದರು, ರಾಬರ್ಟ್ಸ್ ವಿಮಾನ ನಿಲ್ದಾಣ, ಪೆಟ್ರೋಲಿಯಂ ನಿಗಮ, ಅರಣ್ಯ ಪ್ರಾಧಿಕಾರ. ಇವು ಸೇರಿ ಆಯ್ದ ಕಡೆಗಳಲ್ಲಿ ವಿದೇಶಿ ಹಣಕಾಸು ನಿಯಂತ್ರಕರು ಬಂದು ಕೂತರು. ಬಂದರನ್ನೇ ತೆಗೆದುಕೊಳ್ಳಿ. ದೇಶದೊಳಗೆ ಬರುವ ಅಕ್ಕಿ, ಸಿಮೆಂಟು, ಡೀಸೆಲ್ ಎಲ್ಲ ಇಳಿಯುವುದು ಅಲ್ಲೇ. ಹಡಗು ನಿಂತದ್ದಕ್ಕೆ, ಸರಕು ಗೋದಾಮಿನಲ್ಲಿ ಬಿದ್ದಿದ್ದಕ್ಕೆ ಶುಲ್ಕ ಸೇರುವುದೂ ಅಲ್ಲೇ. ಇನ್ನು ಮುಂದೆ ಬಂದರಿನ ಮುಖ್ಯಸ್ಥರು ಚೆಕ್ಕಿಗೆ ಸಹಿ ಮಾಡಿದರೆ ಸಾಲದು. ಬಿಲ್ಲು ಎಲ್ಲಿ, ಟೆಂಡರ್ ಕರೆದಿದ್ದೀರಾ, ಮಾಲು ಬಂದಿದೆಯಾ ಎಂದು ಕೇಳಿ, ಕಾಗದ ನೋಡಿ, ನಿಯಂತ್ರಕ ಎರಡನೇ ಸಹಿ ಹಾಕಬೇಕು. ಹಾಕದಿದ್ದರೆ ಬ್ಯಾಂಕು ಹಣ ಕೊಡುವ ಹಾಗಿಲ್ಲ.

ಸ್ವಾಭಿಮಾನದ ಪ್ರಶ್ನೆ ಏಳದೆ ಇರುತ್ತದೆಯೇ? ಇದು ಹೊಸ ರೂಪದ ವಸಾಹತುಶಾಹಿ ಎಂದು ಮನ್ರೋವಿಯದ ಪತ್ರಿಕೆಗಳೂ ರಾಜಕಾರಣಿಗಳೂ ಕಿಡಿ ಕಾರಿದರು. ಕಿಡಿ ಕಾರಿದವರಲ್ಲಿ ಕಳ್ಳರೂ ಇದ್ದರು, ಸಜ್ಜನರೂ ಇದ್ದರು. ಇತಿಹಾಸ ಬಲ್ಲವರಿಗೆ ಇನ್ನೊಂದು ನೆನಪೂ ಇತ್ತು. 1912ರಲ್ಲೇ ಸಾಲ ಕೊಟ್ಟವರು ಲೈಬೀರಿಯದ ಸುಂಕದ ಕಟ್ಟೆಗಳ ಮೇಲೆ ಅಮೆರಿಕನ್ ಅಧಿಕಾರಿಯನ್ನು ಕೂರಿಸಿದ್ದರು. ಡೋ ಕಾಲದಲ್ಲಿ, 1987ರಲ್ಲಿ, ಇದೇ ಬಗೆಯ ಸಹಿ ಅಧಿಕಾರದೊಂದಿಗೆ 17 ಮಂದಿ ಅಮೆರಿಕನ್ ಹಣಕಾಸು ತಜ್ಞರು ಬಂದಿದ್ದರು. ಅವರ ಬೆನ್ನ ಹಿಂದೆಯೇ ಬೇರೆ ದಾರಿಯಲ್ಲಿ ಹಣ ಹರಿಯುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಕೈಚೆಲ್ಲಿ ಹೊರಟುಹೋದರು.

2005ರ ಸಹಿ ಕೆಲಸ ಮಾಡಿತು, 1987ರದ್ದು ಮಾಡಲಿಲ್ಲ. ವ್ಯತ್ಯಾಸ ಇದ್ದದ್ದು ಮೊದಲ ಸಹಿ ಹಾಕುವವರಲ್ಲಿ. 2006ರ ಜನವರಿ 16ರಂದು ಅಧ್ಯಕ್ಷೆಯಾಗಿ ಪ್ರಮಾಣವಚನ ಸ್ವೀಕರಿಸಿದ ಎಲೆನ್ ಜಾನ್ಸನ್ ಸರ್ಲೀಫ್ ಸ್ವತಃ ಲೆಕ್ಕದ ಮನುಷ್ಯೆ. ಟೋಲ್ಬರ್ಟ್ ಸರ್ಕಾರದಲ್ಲಿ ಹಣಕಾಸು ಸಚಿವೆಯಾಗಿದ್ದವರು, ವಿಶ್ವಬ್ಯಾಂಕು, ಸಿಟಿಬ್ಯಾಂಕ್‌ನಲ್ಲಿ ದುಡಿದವರು. ಭ್ರಷ್ಟಾಚಾರವೇ ದೇಶದ ಮೊದಲ ಶತ್ರು ಎಂದು ಸಾರಿದರು. ಕುರ್ಚಿಯಲ್ಲಿ ಕೂತ ಕೆಲವೇ ವಾರಗಳಲ್ಲಿ ಹಣಕಾಸು ಸಚಿವಾಲಯಕ್ಕೆ ಹೋಗಿ ಅಲ್ಲಿನ ಸಿಬ್ಬಂದಿಯನ್ನೆಲ್ಲ ಒಟ್ಟಿಗೇ ಮನೆಗೆ ಕಳಿಸಿದರು. ಯೋಗ್ಯರು ಮತ್ತೆ ಅರ್ಜಿ ಹಾಕಿಕೊಳ್ಳಲಿ ಎಂಬ ಲೆಕ್ಕ. ಜೆಮ್ಯಾಪ್ ಬಗ್ಗೆ ಅವರಿಗೂ ಪೂರ್ತಿ ಸಮಾಧಾನವಿರಲಿಲ್ಲ. ಆದರೂ ವಿದೇಶಿ ನಿಯಂತ್ರಕರನ್ನು ಅವರು ತಮ್ಮದೇ ಸಚಿವರ ಮೇಲಿನ ಕಡಿವಾಣವಾಗಿ ಬಳಸಿಕೊಂಡರು. ತಾವು ಇಲ್ಲ ಎನ್ನಲಾಗದ ಕಡೆ ನಿಯಂತ್ರಕ ಇಲ್ಲ ಎನ್ನುತ್ತಿದ್ದ. ಕೋಪವೆಲ್ಲ ಅವನಿಗೆ, ಉಳಿದ ಹಣ ಸರ್ಕಾರಕ್ಕೆ.

ಹಣ ಉಳಿದದ್ದೂ ನಿಜ. ಅವರು ಬಂದಾಗ ವರ್ಷದ ಬಜೆಟ್ಟು ಸುಮಾರು 8 ಕೋಟಿ ಡಾಲರ್. ಇಡೀ ದೇಶಕ್ಕೆ ಅಷ್ಟೇ! ಕೈಗೆ ಬಂದಷ್ಟೇ ಖರ್ಚು, ಸಾಲ ಇಲ್ಲ ಎಂಬ ನಿಯಮ ಪಾಲಿಸಿದರು. 2012-13ರ ಬಜೆಟ್ಟು 60 ಕೋಟಿ ಡಾಲರ್ ದಾಟಿತ್ತು. 2010ರ ಜೂನ್‌ನಲ್ಲಿ 400 ಕೋಟಿ ಡಾಲರ್‌ಗೂ ಮೀರಿದ ಹಳೆಯ ವಿದೇಶಿ ಸಾಲ ಮನ್ನಾ ಆಯಿತು. ಲೆಕ್ಕ ಸರಿಯಿದೆ ಎಂದು ಹೊರಗಿನವರಿಗೆ ನಂಬಿಕೆ ಬರದಿದ್ದರೆ ಅದು ಆಗುತ್ತಿರಲಿಲ್ಲ. ಜನರ ಕಣ್ಣಿಗೆ ಕಂಡದ್ದು ಬೇರೆ. 2006ರ ಜುಲೈ 26, ಸ್ವಾತಂತ್ರ್ಯ ದಿನ. ಮನ್ರೋವಿಯದ ಕೆಲವು ಬೀದಿಗಳಲ್ಲಿ ದೀಪ ಹತ್ತಿತು. ಹದಿನೈದು ವರ್ಷದಿಂದ ಆ ರಾಜಧಾನಿಗೆ ಸರ್ಕಾರಿ ಕರೆಂಟೇ ಇರಲಿಲ್ಲ. ಹದಿಹರೆಯದ ಹುಡುಗರು ಬೀದಿ ದೀಪವನ್ನು ಮೊದಲ ಬಾರಿ ನೋಡಿದ್ದೇ ಅಂದು.

ಒಪ್ಪಂದಗಳ ಕಾಡು

ಹಣಕ್ಕೆ ಬೀಗ ಹಾಕಿದರೆ ಕಳ್ಳತನ ಸಾಯುವುದಿಲ್ಲ, ಜಾಗ ಬದಲಿಸುತ್ತದೆ. ನಗದು ಬಿಗಿಯಾದ ಮೇಲೆ ಲೈಬೀರಿಯದಲ್ಲಿ ಅದು ನೆಲದ ಒಪ್ಪಂದಗಳಿಗೆ ಹೋಯಿತು.

ಯುದ್ಧಕಾಲದಲ್ಲಿ ಹಂಚಿದ್ದ ಮರ ಕಡಿಯುವ ಪರವಾನಗಿಗಳನ್ನು ಒಂದು ಪರಿಶೀಲನಾ ಸಮಿತಿ ಕೂಡಿಸಿ ನೋಡಿದಾಗ ಅವುಗಳ ಒಟ್ಟು ವಿಸ್ತೀರ್ಣ ದೇಶದ ಇಡೀ ಕಾಡಿನ ಎರಡೂವರೆ ಪಟ್ಟು ಬಂತು. ಒಂದೇ ಕಾಡನ್ನು ಇಬ್ಬರು ಮೂವರಿಗೆ ಮಾರಿದ್ದರು. ಸರ್ಲೀಫ್ 2006ರ ಫೆಬ್ರುವರಿಯಲ್ಲಿ, ತಮ್ಮ ಮೊದಲ ಆದೇಶದಲ್ಲೇ, ಎಲ್ಲವನ್ನೂ ರದ್ದು ಮಾಡಿದರು. ವಿಶ್ವಸಂಸ್ಥೆ ಯುದ್ಧಕಾಲದಲ್ಲಿ ಲೈಬೀರಿಯದ ಮರದ ಮೇಲೆ ಹೇರಿದ್ದ ನಿಷೇಧ ತೆಗೆಯಿತು. ಹೊಸ ಅರಣ್ಯ ಕಾಯಿದೆ ಬಂತು, ಅದು ಕಾಗದದ ಮೇಲೆ ಬಲು ಚೆನ್ನಾಗಿತ್ತು. ಅದರಲ್ಲಿ ಸಣ್ಣ ಜಮೀನುದಾರರು ತಮ್ಮ ಖಾಸಗಿ ನೆಲದ ಮರ ಕಡಿದುಕೊಳ್ಳಲಿ ಎಂದು ಒಂದು ಸಣ್ಣ ಪರವಾನಗಿಯ ಅವಕಾಶವಿತ್ತು. ದೊಡ್ಡ ಬಾಗಿಲಿಗೆ ಕಾವಲು ಬಿದ್ದ ಮೇಲೆ ಎಲ್ಲರೂ ನುಗ್ಗಿದ್ದು ಆ ಕಿಂಡಿಯಲ್ಲಿ. 2012ರ ಹೊತ್ತಿಗೆ ಅಂಥ 63 ಪರವಾನಗಿಗಳು ದೇಶದ ನೆಲದ ಕಾಲು ಭಾಗದಷ್ಟನ್ನು ಆವರಿಸಿದ್ದವು. ಗ್ಲೋಬಲ್ ವಿಟ್‌ನೆಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಮತ್ತು ಸ್ಥಳೀಯ ಸಂಘಟನೆಗಳು ಗುಲ್ಲೆಬ್ಬಿಸಿದ ಮೇಲೆ ಅರಣ್ಯ ಪ್ರಾಧಿಕಾರದ ಮುಖ್ಯಸ್ಥರ ತಲೆದಂಡವಾಯಿತು.

ಅದಿರಿನ ಕತೆಯಲ್ಲಿ ಭಾರತೀಯ ಹೆಸರೊಂದು ಬರುತ್ತದೆ. ರಾಜಸ್ಥಾನ ಮೂಲದ ಲಕ್ಷ್ಮಿ ಮಿತ್ತಲ್ ಅವರ ಉಕ್ಕಿನ ಕಂಪನಿ 2005ರ ಆಗಸ್ಟ್‌ನಲ್ಲಿ, ಇನ್ನೇನು ಮನೆಗೆ ಹೋಗಲಿದ್ದ ಮಧ್ಯಂತರ ಸರ್ಕಾರದ ಜತೆ ನಿಂಬಾ ಬೆಟ್ಟದ ಅದಿರಿಗೆ ಒಪ್ಪಂದ ಮಾಡಿಕೊಂಡಿತ್ತು. ಗಣಿಯಿಂದ ಸಮುದ್ರಕ್ಕೆ ಹೋಗುವ ರೈಲು ಹಳಿ, ಬುಕನನ್ ಬಂದರು ಎರಡರ ಹಿಡಿತವೂ ಕಂಪನಿಗೆ. ತೆರಿಗೆ ವಿನಾಯಿತಿ ಬೇರೆ. ಸರ್ಲೀಫ್ ಸರ್ಕಾರ ಪಟ್ಟು ಹಿಡಿದು 2006ರ ಕೊನೆಗೆ ಹೊಸ ಕರಾರು ಮಾಡಿಸಿತು. ಹಳಿ, ಬಂದರು ಸರ್ಕಾರಕ್ಕೆ ವಾಪಸು ಬಂದವು, ಕಂಪನಿ ತೊಡಗಿಸುವ ಬಂಡವಾಳವೂ ಹೆಚ್ಚಿತು. ದುರ್ಬಲ ದೇಶವೊಂದು ಬಹುರಾಷ್ಟ್ರೀಯ ಕಂಪನಿಯನ್ನು ಮತ್ತೆ ಮೇಜಿಗೆ ಎಳೆದು ತಂದ ಉದಾಹರಣೆ ಎಂದು ಇದನ್ನು ಈಗಲೂ ಹೇಳುತ್ತಾರೆ. ಆದರೆ 2009ರಿಂದ 2011ರವರೆಗೆ ಇದೇ ಸರ್ಕಾರ ಕೊಟ್ಟ ಒಪ್ಪಂದಗಳನ್ನು ಲೆಕ್ಕ ತಪಾಸಕರು 2013ರಲ್ಲಿ ಬಿಡಿಸಿ ನೋಡಿದರು. 68ರಲ್ಲಿ ಕಾನೂನಿಗೆ ಸರಿಯಾಗಿ ಹೊಂದುತ್ತಿದ್ದವು 6. ತಪಾಸಣೆ ಮಾಡಿಸಿದ್ದು, ಫಲಿತಾಂಶ ಪ್ರಕಟಿಸಿದ್ದು ಸರ್ಕಾರದ್ದೇ ಪಾರದರ್ಶಕತೆ ಸಂಸ್ಥೆ. ಅದು ಸರ್ಕಾರಕ್ಕೆ ಮಾನವೋ ಅವಮಾನವೋ ಎಂದು ತೀರ್ಮಾನಿಸುವುದು ಕಷ್ಟ.

ಖಾಲಿ ಮಾಡಿ ಕಟ್ಟಿದ್ದು, ಖಾಲಿ ಮಾಡಲಾಗದ್ದು

ಸೈನ್ಯವನ್ನು ಮಾತ್ರ ಲೈಬೀರಿಯ ಬುಡದಿಂದ ಕಟ್ಟಿತು. ಹಳೆಯ ಸೇನೆಯಲ್ಲಿದ್ದ 13 ಸಾವಿರಕ್ಕೂ ಹೆಚ್ಚು ಮಂದಿಗೆ ಹಣ ಕೊಟ್ಟು ಎಲ್ಲರನ್ನೂ ಮನೆಗೆ ಕಳಿಸಿದರು. ಹೊಸದಾಗಿ ಬೇಕಾದ ಸುಮಾರು 2 ಸಾವಿರ ಮಂದಿಯನ್ನು ಆರಿಸುವಾಗ ಪ್ರತಿ ಅಭ್ಯರ್ಥಿಯ ಹಿನ್ನೆಲೆ ಕೆದಕಿದರು. ಅವರ ಫೋಟೊಗಳನ್ನು ಸಾರ್ವಜನಿಕವಾಗಿ ಪ್ರಕಟಿಸಿದರು: ಇವನು ನಿಮ್ಮೂರಿಗೆ ಬಂದು ಏನಾದರೂ ಮಾಡಿದ್ದನೇ, ಬಂದು ಹೇಳಿ. ನೆನೆಸಿಕೊಳ್ಳಿ, ತನ್ನ ಮಗನನ್ನು ಎಳೆದೊಯ್ದವನ ಮುಖ ಪತ್ರಿಕೆಯಲ್ಲಿ ಕಂಡ ತಾಯಿಯನ್ನು. ಜಗತ್ತಿನಲ್ಲಿ ಬೇರೆಡೆ ಸೈನ್ಯದ ನೇಮಕಾತಿ ಇಷ್ಟು ಬಿಗಿಯಾಗಿ ನಡೆದಿರುವುದು ಅಪರೂಪ. ಆ ಸೇನೆ ಇಂದಿಗೂ ರಾಜಕೀಯಕ್ಕೆ ಕೈ ಹಾಕಿಲ್ಲ. ಅದೇ ಪ್ರದೇಶದ ಗಿನಿ, ಮಾಲಿ, ಬುರ್ಕಿನಾ ಫಾಸೊಗಳಲ್ಲಿ ಒಂದರ ಹಿಂದೊಂದು ಸೇನಾ ದಂಗೆಗಳಾದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಪೊಲೀಸರ ವಿಷಯಕ್ಕೆ ಬಂದರೆ ಭಾರತದ ನಂಟು ಗಟ್ಟಿಯಾಗಿಯೇ ಇದೆ. ವಿಶ್ವಸಂಸ್ಥೆಯ ಇತಿಹಾಸದಲ್ಲೇ ಮೊದಲ ಪೂರ್ಣ ಮಹಿಳಾ ಪೊಲೀಸ್ ತುಕಡಿ 2007ರ ಜನವರಿಯಲ್ಲಿ ಮನ್ರೋವಿಯದಲ್ಲಿ ಇಳಿಯಿತು. ಕೇಂದ್ರ ಮೀಸಲು ಪೊಲೀಸ್ ಪಡೆಯ ಮಹಿಳಾ ಬೆಟಾಲಿಯನ್‌ನಿಂದ ಹೋದ 100ಕ್ಕೂ ಹೆಚ್ಚು ಹೆಣ್ಣುಮಕ್ಕಳು ನೀಲಿ ಟೋಪಿ ತೊಟ್ಟು, ರೈಫಲ್ ಹೆಗಲಿಗೇರಿಸಿ, ರಾತ್ರಿ ಗಸ್ತು ತಿರುಗಿದರು, ಅಧ್ಯಕ್ಷೆಯ ಕಚೇರಿ ಕಾದರು. ಬಿಡುವಿನಲ್ಲಿ ಶಾಲೆಯ ಹುಡುಗಿಯರಿಗೆ ಆತ್ಮರಕ್ಷಣೆ ಹೇಳಿಕೊಟ್ಟರು. ವರ್ಷಕ್ಕೊಂದು ತುಕಡಿಯಂತೆ 2016ರ ಫೆಬ್ರುವರಿವರೆಗೂ ಅವರು ಅಲ್ಲಿದ್ದರು. ಲೈಬೀರಿಯದ ಭದ್ರತಾ ಪಡೆಗಳಲ್ಲಿ ಹೆಂಗಸರ ಪಾಲು ಆ ಅವಧಿಯಲ್ಲಿ ಶೇ 6ರಿಂದ ಶೇ 17ಕ್ಕೆ ಏರಿದ್ದನ್ನು ವಿಶ್ವಸಂಸ್ಥೆ ಇವರಿಗೆ ಬೀಳ್ಕೊಡುಗೆ ಕೊಡುವಾಗ ನೆನೆಯಿತು. ಬಂದೂಕು ಹಿಡಿದವರೆಂದರೆ ಅತ್ಯಾಚಾರಿಗಳು ಎಂದಷ್ಟೇ ಕಂಡಿದ್ದ ಊರಿನಲ್ಲಿ ಇವರನ್ನು ನೋಡಿ ಸ್ಥಳೀಯ ಹುಡುಗಿಯರು ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದರು.

ಆದರೆ ಅರ್ಜಿ ಹಾಕಿ ಸೇರಿದ ಠಾಣೆ ಹೇಗಿತ್ತು? ಹ್ಯೂಮನ್ ರೈಟ್ಸ್ ವಾಚ್ 2013ರಲ್ಲಿ ಪ್ರಕಟಿಸಿದ ವರದಿ ಓದಿದರೆ ನಮ್ಮ ಯಾವುದೋ ಹೋಬಳಿಯ ಹಳೆಯ ಠಾಣೆಗೆ ಹೊಕ್ಕಂತಾಗುತ್ತದೆ. ದೂರು ಬರೆಸಲು ಹಣ. ಆರೋಪಿಯನ್ನು ಹಿಡಿದು ತರಲು ಗಾಡಿಯ ಪೆಟ್ರೋಲಿಗೂ ದೂರು ಕೊಟ್ಟವರೇ ಹಣ ಕೊಡಬೇಕು. ಟ್ಯಾಕ್ಸಿ, ಮೋಟಾರ್ ಸೈಕಲ್ ಓಡಿಸುವವರಿಂದ ಚೆಕ್‌ಪೋಸ್ಟಿನಲ್ಲಿ 'ತಣ್ಣೀರಿನ ಕಾಸು' ವಸೂಲಿ. ಲಂಚವನ್ನು ಅಲ್ಲಿ ಹಾಗೆಯೇ ಕೇಳುವುದು. ಪೊಲೀಸರ ಕಡೆಯ ಮಾತನ್ನೂ ವರದಿ ದಾಖಲಿಸಿದೆ. ಸರ್ಕಾರ ಠಾಣೆಗೆ ಇಂಧನ ಕೊಡುವುದಿಲ್ಲ, ಸಮವಸ್ತ್ರ ಸಾಕಷ್ಟು ಇಲ್ಲ, ಕಾಗದ ಪೆನ್ನಿಗೂ ತತ್ವಾರ. ಇಂಥ ಕಡೆ ಲಂಚ ವಿರೋಧಿ ಪೋಸ್ಟರ್ ಅಂಟಿಸಿ ಏನು ಪ್ರಯೋಜನ?

ಇನ್ನೂ ಗಟ್ಟಿಯಾಗಿ ಕೂತದ್ದು ನ್ಯಾಯಾಲಯ. ಸೈನ್ಯದಂತೆ ಅದನ್ನು ಖಾಲಿ ಮಾಡಿ ಮತ್ತೆ ತುಂಬಲು ಬರುವುದಿಲ್ಲ; ಸಂವಿಧಾನ ಬಿಡುವುದಿಲ್ಲ, ತರಬೇತಾದ ವಕೀಲರೂ ಅಷ್ಟಿಲ್ಲ. ಬ್ರಯಂಟ್ ಮೇಲೆ 2007ರಲ್ಲಿ 13 ಲಕ್ಷ ಡಾಲರ್ ದುರುಪಯೋಗದ ಮೊಕದ್ದಮೆ ಹೂಡಿದರು. ಅದು ನಿಲ್ಲಲಿಲ್ಲ. 2008ರಲ್ಲಿ ಭ್ರಷ್ಟಾಚಾರ ನಿಗ್ರಹ ಆಯೋಗ ಬಂತು, ಬಹುಕಾಲ ಅದಕ್ಕೆ ತಾನೇ ನೇರವಾಗಿ ಮೊಕದ್ದಮೆ ಹೂಡುವ ಅಧಿಕಾರವಿರಲಿಲ್ಲ. ಮಹಾಲೆಕ್ಕ ಪರಿಶೋಧಕ ಜಾನ್ ಮೊರ್ಲು ಬೊಗಳುವ ನಾಯಿ, ಅದರಲ್ಲಿ ಎರಡು ಮಾತಿಲ್ಲ. 2007ರಲ್ಲೇ ಅವರು ಈ ಸರ್ಕಾರ ಹಿಂದಿನದಕ್ಕಿಂತ ಮೂರು ಪಟ್ಟು ಭ್ರಷ್ಟ ಎಂದುಬಿಟ್ಟರು. ಆ ಲೆಕ್ಕ ಹೇಗೆ ಹಾಕಿದರೋ ಅವರೇ ಬಲ್ಲರು. ಆದರೆ ಇಲಾಖೆ ಇಲಾಖೆಗೂ ಹೋಗಿ ದಪ್ಪ ದಪ್ಪ ವರದಿ ಬರೆದರು. 2011ರಲ್ಲಿ ಅವಧಿ ಮುಗಿದಾಗ ಸರ್ಲೀಫ್ ಅವರನ್ನು ಮುಂದುವರಿಸಲಿಲ್ಲ.

ಅದೇ ವರ್ಷ ಸರ್ಲೀಫ್ ಹಾಗೂ ಲೇಮಾ ಬೋವಿಗೆ ಜಂಟಿಯಾಗಿ, ಯೆಮೆನ್‌ನ ತವಕ್ಕುಲ್ ಕರ್ಮಾನ್ ಜತೆಗೆ, ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಮುಂದಿನ ವರ್ಷವೇ ಬೋವಿ ಸರ್ಲೀಫ್ ವಿರುದ್ಧ ತಿರುಗಿ ನಿಂತು, ರಾಷ್ಟ್ರೀಯ ಸಾಮರಸ್ಯ ಕಾರ್ಯದ ಮುಖ್ಯಸ್ಥೆಯ ಹುದ್ದೆಗೆ ರಾಜೀನಾಮೆ ಕೊಟ್ಟರು. ಕಾರಣ ಸ್ವಜನಪಕ್ಷಪಾತ. ಅಧ್ಯಕ್ಷೆಯ ಒಬ್ಬ ಮಗ ರಾಷ್ಟ್ರೀಯ ತೈಲ ಕಂಪನಿಯ ತಲೆಯಲ್ಲಿದ್ದರು, ಇನ್ನೊಬ್ಬರು ಕೇಂದ್ರ ಬ್ಯಾಂಕಿನ ಡೆಪ್ಯುಟಿ ಗವರ್ನರ್, ಮಲಮಗ ಗುಪ್ತಚರ ಸಂಸ್ಥೆಯ ಮುಖ್ಯಸ್ಥ. ನಂಬಲು ಯೋಗ್ಯರು ಸಿಗುವುದಿಲ್ಲ ಎಂಬುದು ಸರ್ಲೀಫ್ ಕಡೆಯ ಸಮಜಾಯಿಷಿ. ಯುದ್ಧ ಮುಗಿದ ದೇಶದಲ್ಲಿ ಆ ಮಾತಿನಲ್ಲಿ ಹುರುಳಿಲ್ಲದಿಲ್ಲ, ಹಾಗೆಂದು ಅದನ್ನು ಒಪ್ಪಲಾಗದು. 2012ರಲ್ಲಿ ಆಸ್ತಿ ವಿವರ ಸಲ್ಲಿಸದ 46 ಅಧಿಕಾರಿಗಳನ್ನು ಅವರು ಅಮಾನತು ಮಾಡಿದಾಗ ಆ ಪಟ್ಟಿಯಲ್ಲಿ ಕೇಂದ್ರ ಬ್ಯಾಂಕಿನಲ್ಲಿದ್ದ ಮಗನ ಹೆಸರೂ ಇತ್ತು ಎಂಬುದನ್ನೂ ಹೇಳಬೇಕು. ಪತ್ರಕರ್ತರ ಪಾಡು ಬೇರೆ. ಮಾಜಿ ಕೃಷಿ ಸಚಿವರೊಬ್ಬರ ಮೇಲಿನ ವರದಿಗಾಗಿ 'ಫ್ರಂಟ್ ಪೇಜ್ ಆಫ್ರಿಕಾ' ಸಂಪಾದಕ ರಾಡ್ನಿ ಸಿಯ ಅವರಿಗೆ ಕೋರ್ಟು 15 ಲಕ್ಷ ಡಾಲರ್ ಮಾನನಷ್ಟ ಪರಿಹಾರ ವಿಧಿಸಿತು. ಕಟ್ಟಲಾಗದೆ 2013ರಲ್ಲಿ ಅವರು ಜೈಲು ಸೇರಿದರು.

2014ರಲ್ಲಿ ಎಬೋಲಾ ಬಂತು. ರೋಗ ಬಂದಿದೆ ಎಂದು ಸರ್ಕಾರ ಸಾರಿದಾಗ ಮನ್ರೋವಿಯದಲ್ಲಿ ಬಹಳಷ್ಟು ಜನ ನಂಬಲಿಲ್ಲ. ವಿದೇಶಿ ನೆರವಿನ ಹಣ ತಿನ್ನಲು ಹೂಡಿದ ಹೊಸ ಆಟ ಎಂದರು. ಈ ಸರ್ಕಾರಗಳನ್ನು ಕಂಡವರು ಹಾಗೆ ಅಂದುಕೊಂಡರೆ ಬೈಯುವುದು ಹೇಗೆ? ವೆಸ್ಟ್ ಪಾಯಿಂಟ್ ಎಂಬ ಕೊಳೆಗೇರಿಗೆ ಸರ್ಕಾರ ರಾತ್ರೋರಾತ್ರಿ ದಿಗ್ಬಂಧನ ಹಾಕಿತು. ಜನ ತಿರುಗಿಬಿದ್ದರು, ಸೈನಿಕರು ಗುಂಡು ಹಾರಿಸಿದರು, ಒಬ್ಬ ಹುಡುಗ ಸತ್ತ. ಕೊನೆಗೆ ರೋಗ ಹತೋಟಿಗೆ ಬಂದದ್ದು ಊರಿನವರೇ ಮನೆಮನೆ ಕಾವಲಿಗೆ ನಿಂತಾಗ. ಅಷ್ಟರಲ್ಲಿ 4,800ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು.

ಸರ್ಲೀಫ್ 2017ರ ಜನವರಿಯಲ್ಲಿ ಸಂಸತ್ತಿನ ಮುಂದೆ ಮಾಡಿದ ತಮ್ಮ ಕೊನೆಯ ವಾರ್ಷಿಕ ಭಾಷಣದಲ್ಲಿ, 2006ರಲ್ಲಿ ಕೊಟ್ಟ ಭ್ರಷ್ಟಾಚಾರ ವಿರೋಧಿ ಮಾತನ್ನು ಪೂರ್ತಿ ಉಳಿಸಿಕೊಳ್ಳಲಾಗಲಿಲ್ಲ ಎಂದು ಒಪ್ಪಿಕೊಂಡರು. ಮನಸ್ಸಿಲ್ಲದ್ದಕ್ಕಲ್ಲ, ಬಡತನ ಮತ್ತು ಕೆಟ್ಟ ಆಡಳಿತ ಬೆಳೆಸಿದ ಅಪ್ರಾಮಾಣಿಕತೆ ಅಷ್ಟು ಆಳಕ್ಕಿಳಿದಿದೆ ಎಂದರು.

ಮತ್ತೆ ಅದೇ ಬಂದರು

2018ರ ಜನವರಿ 22ರಂದು ಫುಟ್‌ಬಾಲ್ ತಾರೆ ಜಾರ್ಜ್ ವೇಯ ಅಧ್ಯಕ್ಷರಾದರು. ಚುನಾಯಿತ ನಾಯಕರೊಬ್ಬರು ಇನ್ನೊಬ್ಬ ಚುನಾಯಿತರಿಗೆ ಶಾಂತಿಯಿಂದ ಅಧಿಕಾರ ಬಿಟ್ಟುಕೊಟ್ಟದ್ದು 1944ರ ನಂತರ ಅದೇ ಮೊದಲು. ಎರಡು ತಿಂಗಳಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಡೇರೆ ಕಿತ್ತಿತು. ವೇಯ ಬಂದವರೇ ತಮ್ಮ ಸಂಬಳದಲ್ಲಿ ಕಾಲು ಭಾಗ ಕಡಿತ ಮಾಡಿಕೊಂಡರು. ಲೈಬೀರಿಯದಲ್ಲಿ ಇದು ಹೊಸ ಅಧ್ಯಕ್ಷರ ಶಾಸ್ತ್ರದಂತಾಗಿದೆ. ನಂತರ ಬಂದವರು ಶೇ 40 ಕಡಿತ ಮಾಡಿಕೊಂಡರು. 2018ರಲ್ಲೇ, ಮುದ್ರಣವಾಗಿ ಬಂದ ಲೈಬೀರಿಯನ್ ಡಾಲರ್ ನೋಟುಗಳ ಕಂಟೇನರ್‌ಗಳೇ ಮಾಯವಾಗಿವೆ ಎಂಬ ಸುದ್ದಿ ಹಬ್ಬಿ ಜನ ಬೀದಿಗಿಳಿದರು. ಹೊರಗಿನ ತನಿಖಾ ಸಂಸ್ಥೆ ನೋಡಿದಾಗ ಕಂಟೇನರ್ ಕತೆಗೆ ಸಾಕ್ಷ್ಯ ಸಿಗಲಿಲ್ಲ, ಅನುಮತಿ ಮೀರಿ ನೋಟು ಮುದ್ರಿಸಿದ್ದಕ್ಕೆ ಸಿಕ್ಕಿತು. ಸರ್ಲೀಫ್ ಅವರ ಮಗನೂ ಸೇರಿ ಕೇಂದ್ರ ಬ್ಯಾಂಕಿನವರನ್ನು ಬಂಧಿಸಿ ಮೊಕದ್ದಮೆ ಹೂಡಿದರು, 2020ರಲ್ಲಿ ಅದನ್ನೂ ಕೈಬಿಟ್ಟರು.

2022ರ ಆಗಸ್ಟ್‌ನಲ್ಲಿ ಅಮೆರಿಕದ ಖಜಾನೆ ಇಲಾಖೆ ವೇಯ ಸರ್ಕಾರದ ಮೂವರ ಮೇಲೆ ಭ್ರಷ್ಟಾಚಾರದ ಆರೋಪ ಹೊರಿಸಿ ನಿರ್ಬಂಧ ಹೇರಿತು: ಅಧ್ಯಕ್ಷರ ಬಲಗೈಯಂತಿದ್ದ ನಥಾನಿಯಲ್ ಮೆಕ್‌ಗಿಲ್, ಸಾಲಿಸಿಟರ್ ಜನರಲ್ ಸೈರೀನಿಯಸ್ ಸೆಫಸ್, ಬಂದರು ಪ್ರಾಧಿಕಾರದ ಮುಖ್ಯಸ್ಥ ಬಿಲ್ ಟ್ವೆವೇ. ಹಡಗುಗಳ ಸರಕು ದಾಸ್ತಾನು ಶುಲ್ಕದ 15 ಲಕ್ಷ ಡಾಲರ್ ಹಣವನ್ನು ಖಾಸಗಿ ಖಾತೆಗೆ ತಿರುಗಿಸಿದರು ಎಂಬುದು ಟ್ವೆವೇ ಮೇಲಿನ ಆರೋಪ. ಅದೇ ಫ್ರೀಪೋರ್ಟ್, ಅದೇ ಶುಲ್ಕ. ಜೆಮ್ಯಾಪ್ ನಿಯಂತ್ರಕ ಕುರ್ಚಿ ಬಿಟ್ಟು ಹೋಗಿ ಹತ್ತು ವರ್ಷದ ಮೇಲಾಗಿತ್ತು. ಎರಡನೇ ಸಹಿಯ ಜಾಗದಲ್ಲಿ ಆಂತರಿಕ ಲೆಕ್ಕಾಧಿಕಾರಿ, ಆಯೋಗ, ಸಂಸದೀಯ ಸಮಿತಿ ಎಂದು ಕಾಗದದ ಮೇಲೆ ಎಷ್ಟೋ ಇದ್ದವು. ಅವರಿಗೆಲ್ಲ ಸಂಬಳ ಕೊಡುವುದು, ಬಡ್ತಿ ಕೊಡುವುದು ಮೊದಲ ಸಹಿ ಹಾಕುವವರ ಕಡೆಯವರೇ. ಮೂವರೂ ಆರೋಪ ಅಲ್ಲಗಳೆದರು, ಹುದ್ದೆ ಬಿಟ್ಟರು. ಒಂದು ವರ್ಷ ಕಳೆದು ಬಂದ ಚುನಾವಣೆಯಲ್ಲಿ ಮೆಕ್‌ಗಿಲ್ ಮತ್ತು ಟ್ವೆವೇ ತಮ್ಮ ತಮ್ಮ ಜಿಲ್ಲೆಗಳಿಂದ ಸೆನೆಟ್‌ಗೆ ಗೆದ್ದು ಬಂದರು.

ಆ ಚುನಾವಣೆಯ ಇನ್ನೊಂದು ಫಲಿತಾಂಶವನ್ನೂ ನೋಡಬೇಕು. ಅಧ್ಯಕ್ಷ ಸ್ಥಾನಕ್ಕೆ ಸರ್ಲೀಫ್ ಕಾಲದ ಉಪಾಧ್ಯಕ್ಷ ಜೋಸೆಫ್ ಬೊಕಾಯ್ ಸುಮಾರು 20 ಸಾವಿರ ಮತಗಳಿಂದ ಗೆದ್ದರು. ಅಷ್ಟು ಕಡಿಮೆ ಅಂತರ ಬೇರೆ ಎಷ್ಟೋ ಕಡೆ ರಕ್ತಪಾತಕ್ಕೆ ಸಾಕು. ವೇಯ ಎಣಿಕೆ ಪೂರ್ತಿ ಮುಗಿಯುವ ಮುಂಚೆಯೇ ರೇಡಿಯೊದಲ್ಲಿ ಸೋಲೊಪ್ಪಿಕೊಂಡರು. ಲಂಚ ಇಂಗಿಲ್ಲ, ಆದರೆ ಲಂಚ ತಿಂದವರನ್ನು ಕೆಳಗಿಳಿಸಲು ಬಂದೂಕು ಬೇಕಾಗಿಲ್ಲ. 1980ರಿಂದ ನೋಡಿದರೆ ಲೈಬೀರಿಯ ಗಳಿಸಿದ್ದರಲ್ಲಿ ಇದು ದೊಡ್ಡದು ಎಂದೇ ನನಗೆ ಅನ್ನಿಸುತ್ತದೆ.

ಬೊಕಾಯ್ ಬಂದ ಮೇಲೆ ಕದ್ದ ಆಸ್ತಿ ವಾಪಸಾತಿಗೆ ಕಾರ್ಯಪಡೆ ರಚಿಸಿದರು. ಮಾಜಿ ಹಣಕಾಸು ಸಚಿವ ಸ್ಯಾಮ್ಯುಯೆಲ್ ಟ್ವಿಯಾ ಮೇಲೆ 62 ಲಕ್ಷ ಡಾಲರ್ ಪ್ರಕರಣ ದಾಖಲಾಯಿತು. 2025ರ ಫೆಬ್ರುವರಿಯಲ್ಲಿ ಆಸ್ತಿ ಘೋಷಿಸದ 450ಕ್ಕೂ ಹೆಚ್ಚು ಅಧಿಕಾರಿಗಳು ಒಂದೇ ಏಟಿಗೆ ಅಮಾನತಾದರು. ಇದಕ್ಕೆ ಮುಂಚೆ, 2024ರ ಡಿಸೆಂಬರ್‌ನಲ್ಲಿ, ಸ್ಪೀಕರ್ ಪದಚ್ಯುತಿಯ ಜಗಳದ ನಡುವೆ ಸಂಸತ್ ಭವನದ ಸಭಾಂಗಣಕ್ಕೇ ಬೆಂಕಿ ಬಿತ್ತು. ಹಾಗಾಗಿ ಸ್ಥಿರ ಸರ್ಕಾರ ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದಲೇ ಆಡಬೇಕು.

ಬೊಕಾಯ್ ಎತ್ತಿಕೊಂಡ ಎಲ್ಲಕ್ಕಿಂತ ಭಾರದ ಕೆಲಸ ಯುದ್ಧ ಮತ್ತು ಆರ್ಥಿಕ ಅಪರಾಧಗಳ ವಿಶೇಷ ನ್ಯಾಯಾಲಯ. ಟೇಲರ್ ಈಗ 50 ವರ್ಷದ ಶಿಕ್ಷೆ ಅನುಭವಿಸುತ್ತಿರುವುದು ನೆರೆಯ ಸಿಯೆರಾ ಲಿಯೋನ್‌ನಲ್ಲಿ ಮಾಡಿಸಿದ್ದಕ್ಕೆ. ಲೈಬೀರಿಯದಲ್ಲಿ ಮಾಡಿದ್ದಕ್ಕೆ ಅವನಿಗಾಗಲಿ ಬೇರೆಯವರಿಗಾಗಲಿ ಆ ದೇಶದ ನ್ಯಾಯಾಲಯಗಳಲ್ಲಿ ವಿಚಾರಣೆಯೇ ಆಗಿಲ್ಲ. 1990ರಲ್ಲಿ ಡೋನನ್ನು ಹಿಂಸಿಸಿ ಕೊಲ್ಲಿಸಿ, ಅದನ್ನು ವಿಡಿಯೊ ಮಾಡಿಸಿದ್ದ ಪ್ರಿನ್ಸ್ ಜಾನ್ಸನ್ 2006ರಿಂದ ಸೆನೆಟರ್ ಆಗಿದ್ದ. ನಿಂಬಾ ಜಿಲ್ಲೆಯ ಮತಗಳೆಲ್ಲ ಅವನ ಕಿಸೆಯಲ್ಲಿ, ಹಾಗಾಗಿ ಗೆಲ್ಲಬೇಕೆಂದವರೆಲ್ಲ ಅವನ ಮನೆ ಬಾಗಿಲಿಗೆ ಹೋದವರೇ. ಬೊಕಾಯ್ ಕೂಡ ಹೋದರು. 2024ರ ಏಪ್ರಿಲ್‌ನಲ್ಲಿ ಈ ನ್ಯಾಯಾಲಯ ಬೇಕು ಎಂಬ ನಿರ್ಣಯ ಸೆನೆಟ್‌ನಲ್ಲಿ ಬಂದಾಗ ಬಹುತೇಕ ಎಲ್ಲರೂ ಸಹಿ ಹಾಕಿದರು. ಜಾನ್ಸನ್ ಕೂಡ ಹಾಕಿದ. ಅದೇ ವರ್ಷದ ನವೆಂಬರ್‌ನಲ್ಲಿ ತೀರಿಕೊಂಡ. ಅದಕ್ಕೂ ಮುಂಚೆ, ಮೇ ತಿಂಗಳಲ್ಲೇ, ಬೊಕಾಯ್ ಆದೇಶದಿಂದ ನ್ಯಾಯಾಲಯ ಸ್ಥಾಪನೆಯ ಸಿದ್ಧತೆಗೆ ಕಚೇರಿಯೊಂದು ತೆರೆಯಿತು. ಹಣ ಹೊಂದಿಸಬೇಕು, ನ್ಯಾಯಮೂರ್ತಿಗಳನ್ನು ಎಲ್ಲಿಂದ ತರುವುದೆಂದು ತೀರ್ಮಾನಿಸಬೇಕು, ಕಾನೂನಿನ ಕರಡು ಸಂಸತ್ತಿನ ಎರಡೂ ಸದನ ದಾಟಬೇಕು. ಲೈಬೀರಿಯದಲ್ಲಿ ಸೆನೆಟರ್‌ಗಳ ಅವಧಿ ಒಂಬತ್ತು ವರ್ಷ. ಆ ಮಸೂದೆ ಸೆನೆಟ್‌ಗೆ ಬಂದ ದಿನ ಮತ ಹಾಕುವವರಲ್ಲಿ ಮೆಕ್‌ಗಿಲ್, ಟ್ವೆವೇ ಇಬ್ಬರೂ ಇರುತ್ತಾರೆ.